ತೂಕದ ಕಲ್ಲುಗಳೂ ವಿದ್ಯುತ್ತಿನ ಮೆಟ್ಟಿಲುಗಳೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಸೇರಿದ ಕೊಂಡ್ಲಹಳ್ಳಿಯು ಮಳೆ ವಿರಳವಾದ ಸೀಮೆಯಲ್ಲಿದೆ. ಇಲ್ಲಿ ಶೇಂಗಾ ಬಿತ್ತಿದವನು ಮುಗಿಲನ್ನು ನೋಡುತ್ತಾನೆ; ತೋಟ ಮಾಡಿದವನು ಕೊಳವೆ ಬಾವಿಯನ್ನು ನಂಬುತ್ತಾನೆ. ಕಳೆದ ಬೇಸಗೆಯ ರಜೆಯಲ್ಲಿ ನಾವು ಆ ಊರಿಗೆ ಹೋಗಿದ್ದಾಗ ನಮ್ಮ ಸೋದರಮಾವನವರ ದಾಳಿಂಬೆ ತೋಟದಲ್ಲಿ ಕೊಳವೆ ಬಾವಿಯ ಮೋಟಾರನ್ನು ಮೇಲಕ್ಕೆ ಎತ್ತುತ್ತಿದ್ದರು. 600 ಅಡಿ ಆಳದಿಂದ ಪೈಪುಗಳನ್ನು ಒಂದೊಂದಾಗಿ ಕಳಚುತ್ತ ಬಂದು, ಮೋಟಾರು ಹೊರಗೆ ಕಾಣಿಸುವ ವೇಳೆಗೆ ಮಧ್ಯಾಹ್ನವಾಗಿತ್ತು. ಬಿಚ್ಚಿ ನೋಡಿದರೆ ಅದರ ತಾಮ್ರದ ಸುರುಳಿ ಸುಟ್ಟು ಕಪ್ಪಾಗಿತ್ತು. ಪಕ್ಕದಲ್ಲಿಯೇ ಸೌರ ಫಲಕಗಳು ಬಿಸಿಲಿಗೆ ಮುಖವೊಡ್ಡಿ ನಿಂತಿದ್ದುವು. ಅವುಗಳ ಕೆಳಗೆ ಕಂಬಕ್ಕೆ ಬಿಗಿದ ಒಂದು ಉಕ್ಕಿನ ಪೆಟ್ಟಿಗೆ.

“ಅಲ್ಲಪ್ಪಾ, ನೀನು ಕಾಲೇಜಿನಾಗೆ ಕರೆಂಟಿನ ಪಾಠ ಹೇಳೋನು. ಲೈನ್ ಕರೆಂಟಿನಾಗೆ ಹತ್ತು ವರ್ಷ ಓಡಿದ ಮೋಟಾರು, ಈ ಪೆಟ್ಟಿಗೆ ಹಾಕಿದ ಎರಡೇ ವರ್ಷಕ್ಕೆ ಯಾಕೆ ಸುಟ್ಟೋಯ್ತು?” ಎಂದು ಮಾವನವರು ಕೇಳಿದರು.

ಮೋಟಾರು ಸುಡುವುದಕ್ಕೆ ಕಾರಣಗಳು ಹಲವು. ನೀರು ಬತ್ತಿ ಬರಿದಾಗಿ ಓಡಿರಬಹುದು. ತೇವವು ಒಳಗೆ ಸೇರಿರಬಹುದು. ಈ ಮೋಟಾರಿನ ವಿಷಯದಲ್ಲಿ ಇಂಥದೇ ಕಾರಣವೆಂದು ನಾವು ಪ್ರಮಾಣ ಮಾಡಲಾರೆವು. ಆದರೆ ಮಾವನವರು ಬೊಟ್ಟುಮಾಡಿ ತೋರಿಸಿದ ಪೆಟ್ಟಿಗೆಯೂ ಸಂಶಯಕ್ಕೆ ಹೊರತಾದುದಲ್ಲ. ಅದರ ಹೆಸರು ಇನ್ವರ್ಟರು. ಅದು ಮೋಟಾರಿಗೆ ಏನು ಮಾಡಬಲ್ಲುದು, ಅದನ್ನು ಸೌಮ್ಯವಾಗಿಸಲು ವಿಜ್ಞಾನಿಗಳು ಏನು ಉಪಾಯ ಹೂಡಿದ್ದಾರೆ, ಆ ಉಪಾಯವು ಇಂಥ ಚಿಕ್ಕ ತೋಟದವರೆಗೆ ಸುಲಭವಾಗಿ ಬಾರದಿರುವುದೇಕೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಪೆಟ್ಟಿಗೆಯೊಳಗಿನ ಕೆಲಸ

1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅಂದು ಹರಿದದ್ದು ಪರ್ಯಾಯ ಪ್ರವಾಹ. ನೀರಿನ ರಭಸಕ್ಕೆ ಚಕ್ರ ತಿರುಗುತ್ತದೆ. ಚಕ್ರದೊಡನೆ ಅಯಸ್ಕಾಂತವೂ ತಿರುಗುತ್ತದೆ. ಆದುದರಿಂದ ಹುಟ್ಟುವ ವೋಲ್ಟೇಜು ತಾನಾಗಿಯೇ ಏರುತ್ತ, ಇಳಿಯುತ್ತ, ದಿಕ್ಕು ಬದಲಿಸುತ್ತ ನುಣುಪಾದ ಅಲೆಯ ಆಕಾರವನ್ನು ತಾಳುತ್ತದೆ. ತ್ರಿಕೋನಮಿತಿಯನ್ನು ಓದಿದವರು ಇದನ್ನು ಸೈನ್ ತರಂಗವೆಂದು ಗುರುತಿಸಬಲ್ಲರು. ನಮ್ಮ ಪಂಪುಗಳ ಮೋಟಾರುಗಳೆಲ್ಲವೂ ಈ ನುಣುಪಾದ ಅಲೆಗಾಗಿಯೇ ನಿರ್ಮಿತವಾದವು.

ಸೌರ ಫಲಕದಲ್ಲಿ ತಿರುಗುವ ವಸ್ತು ಯಾವುದೂ ಇಲ್ಲ. ಬಿಸಿಲು ಬಿದ್ದರೆ ಅದು ಒಂದೇ ದಿಕ್ಕಿನಲ್ಲಿ ಸಾಗುವ ಏಕಮುಖ ಪ್ರವಾಹವನ್ನು ಕೊಡುತ್ತದೆ. ಈ ಏಕಮುಖ ಪ್ರವಾಹವನ್ನು ಪರ್ಯಾಯ ಪ್ರವಾಹವನ್ನಾಗಿ ಮಾರ್ಪಡಿಸುವುದೇ ಇನ್ವರ್ಟರಿನ ಕೆಲಸ. ಹೇಗೆ ಮಾರ್ಪಡಿಸುತ್ತದೆ? ಸ್ವಿಚ್ಚುಗಳಿಂದ. ಇವು ಗೋಡೆಯ ಮೇಲಿನ ಸ್ವಿಚ್ಚುಗಳಂಥವಲ್ಲ. ಅರೆವಾಹಕಗಳಿಂದ ಮಾಡಿದ ಟ್ರಾನ್ಸಿಸ್ಟರುಗಳು. ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚಬಲ್ಲವು.

ಅತ್ಯಂತ ಸರಳವಾದ ಇನ್ವರ್ಟರಿನಲ್ಲಿ ಇಂಥ ಸ್ವಿಚ್ಚುಗಳು ಆರು ಮಾತ್ರ: ಮೂರು ಫೇಸುಗಳಿಗೆ ತಲಾ ಎರಡು. ಪ್ರತಿಯೊಂದು ಫೇಸಿನ ತಂತಿಯೂ ಮೂಲದ ಮೇಲಿನ ತುದಿಗೆ ಇಲ್ಲವೇ ಕೆಳಗಿನ ತುದಿಗೆ ಸೇರುತ್ತದೆ. ನಡುವೆ ನಿಲ್ಲುವ ತಾಣವಿಲ್ಲ. ಆದುದರಿಂದ ಇದಕ್ಕೆ ಎರಡು ಮಟ್ಟದ ಇನ್ವರ್ಟರೆಂದು ಹೆಸರು. ಅಲೆಯ ಅರ್ಧಕಾಲ ಮೇಲೆ, ಅರ್ಧಕಾಲ ಕೆಳಗೆ ಎಂದು ಸುಮ್ಮನೆ ಬದಲಿಸಿದರೆ ದೊರೆಯುವುದು ಚೌಕಾಕಾರದ ಅಲೆ. ಅದರಲ್ಲಿ ನಮಗೆ ಬೇಕಾದ 50 ಹರ್ಟ್ಸ್‌ನ ಅಲೆಯಷ್ಟೇ ಅಲ್ಲದೆ 150, 250, 350 ಹರ್ಟ್ಸ್ ಮುಂತಾದ ಬೇಡದ ಅಲೆಗಳೂ ಬೆರೆತಿರುತ್ತವೆ. ತಂಬೂರಿಯ ತಂತಿಯಲ್ಲಿ ಮೂಲಸ್ವರದೊಡನೆ ಉಪಸ್ವರಗಳು ಕೇಳಿಬರುವುದನ್ನು ವಾಚಕರು ಬಲ್ಲರು. ಅಲ್ಲಿ ಅವು ಇಂಪನ್ನು ಕೊಡುತ್ತವೆ. ಮೋಟಾರಿನಲ್ಲಿ ಕಾವನ್ನೂ ಅದಿರಾಟವನ್ನೂ ಕೊಡುತ್ತವೆ. ಚೌಕದ ಅಲೆಯಲ್ಲಿ ಈ ಬೇಡದ ಅಂಶವು ಬೇಕಾದ ಅಂಶದ ಸುಮಾರು ಶೇಕಡಾ 48ರಷ್ಟು ಇರುತ್ತದೆ.

ಇದನ್ನು ಕಡಮೆ ಮಾಡಲು ಸ್ವಿಚ್ಚುಗಳನ್ನು ಸೆಕೆಂಡಿಗೆ ಹಲವು ಸಾವಿರ ಬಾರಿ ತೆರೆದು ಮುಚ್ಚುತ್ತಾರೆ. ಅಲೆ ಎತ್ತರದಲ್ಲಿರಬೇಕಾದ ಕಡೆ ಹೆಚ್ಚು ಹೊತ್ತು ಮೇಲೆ, ತಗ್ಗಿನಲ್ಲಿರಬೇಕಾದ ಕಡೆ ಹೆಚ್ಚು ಹೊತ್ತು ಕೆಳಗೆ ಇರುವಂತೆ ಮಿಡಿತಗಳ ಅಗಲವನ್ನು ಬದಲಿಸುತ್ತಾರೆ. ಮೋಟಾರಿನ ಸುರುಳಿಯು ಪ್ರವಾಹದ ಹಠಾತ್ ಬದಲಾವಣೆಗೆ ಅಡ್ಡಿಪಡಿಸುವ ಗುಣವುಳ್ಳದ್ದರಿಂದ ಈ ಮಿಡಿತಗಳ ಸರಾಸರಿಯನ್ನಷ್ಟೇ ಗ್ರಹಿಸುತ್ತದೆ. ಪ್ರವಾಹವು ಬಹುಮಟ್ಟಿಗೆ ನುಣುಪಾಗುತ್ತದೆ. ಪ್ರವಾಹವು ನುಣುಪಾದರೂ ವೋಲ್ಟೇಜು ಮಾತ್ರ ಪ್ರತಿ ಬಾರಿಯೂ ತಳದಿಂದ ತುದಿಗೆ ಒಂದೇ ನೆಗೆತದಲ್ಲಿ ಹಾರುತ್ತಿರುತ್ತದೆ. ತೊಂದರೆಯಿರುವುದು ಈ ನೆಗೆತದಲ್ಲಿಯೇ.

ಏರಿಗೆ ಬಡಿದ ಅಲೆ

ತುಂಬಿದ ಕೆರೆಯ ಏರಿಯ ಮೇಲೆ ನಿಂತು ನೋಡಿರಿ. ನೀರಿನ ನಡುವೆ ಗೇಣುದ್ದ ಎತ್ತರವಾಗಿ ಬರುವ ಅಲೆ, ನೆಟ್ಟಗೆ ಕಟ್ಟಿದ ಕಲ್ಲಿನ ಗೋಡೆಗೆ ಬಡಿದಾಗ ಸುಮಾರು ಅದರ ಇಮ್ಮಡಿ ಎತ್ತರಕ್ಕೆ ಏರುತ್ತದೆ. ಬರುವ ಅಲೆಯೂ ಹಿಂದಿರುಗುವ ಅಲೆಯೂ ಒಂದರ ಮೇಲೊಂದು ಸೇರುವುದೇ ಇದಕ್ಕೆ ಕಾರಣ.

ಕೇಬಲ್ಲಿನಲ್ಲಿಯೂ ಇದೇ ನಡೆಯುತ್ತದೆ. ನೆಲದ ಮೇಲಿನ ಇನ್ವರ್ಟರಿನಿಂದ ಕೊಳವೆ ಬಾವಿಯ ತಳದ ಮೋಟಾರಿಗೆ 600 ಅಡಿ, ಎಂದರೆ ಸುಮಾರು 180 ಮೀಟರು ಕೇಬಲ್ಲು ಇಳಿದಿರುತ್ತದೆ. ವಿದ್ಯುತ್ತಿನ ಮಿಡಿತವು ಇಂಥ ಕೇಬಲ್ಲಿನಲ್ಲಿ ಬೆಳಕಿನ ಅರ್ಧದಷ್ಟು ವೇಗದಲ್ಲಿ, ಎಂದರೆ ಸೆಕೆಂಡಿನ ದಶಲಕ್ಷದ ಒಂದು ಭಾಗದಲ್ಲಿ ಸುಮಾರು 150 ಮೀಟರಿನಂತೆ ಸಾಗುತ್ತದೆ. ತಳವನ್ನು ಮುಟ್ಟಲು ಅದಕ್ಕೆ ಸೆಕೆಂಡಿನ ದಶಲಕ್ಷದಲ್ಲಿ ಒಂದಕ್ಕಿಂತ ತುಸು ಹೆಚ್ಚು ಕಾಲ ಬೇಕು. ಇಂದಿನ ಸ್ವಿಚ್ಚುಗಳಾದರೋ ಅದರ ಹತ್ತನೆಯ ಒಂದೆರಡು ಭಾಗದಷ್ಟು ಕಾಲದಲ್ಲಿಯೇ ವೋಲ್ಟೇಜನ್ನು ತಳದಿಂದ ತುದಿಗೆ ಏರಿಸಿಬಿಡುತ್ತವೆ. ಆದುದರಿಂದ ಮಿಡಿತದ ಮುಖವು ಕಡಿದಾದ ಗೋಡೆಯಂತೆ ಕೇಬಲ್ಲಿನಲ್ಲಿ ಇಳಿದು ಹೋಗುತ್ತದೆ. ಮೋಟಾರಿನ ಸುರುಳಿಯು ಅದಕ್ಕೆ ಕೆರೆಯ ಗೋಡೆಯಿದ್ದಂತೆ. ಇನ್ವರ್ಟರು 600 ವೋಲ್ಟಿನ ಮಿಡಿತವನ್ನು ಕಳುಹಿಸಿದರೆ ಮೋಟಾರಿನ ಬಾಯಲ್ಲಿ ಅದು ಕ್ಷಣಕಾಲ 1200 ವೋಲ್ಟಿನವರೆಗೂ ಏರಬಹುದು.

ಹೀಗೆ ಸೆಕೆಂಡಿಗೆ ಸಾವಿರಾರು ಬಾರಿ ಆದರೆ ಸುರುಳಿಯ ಮೊದಲ ಕೆಲವು ಸುತ್ತುಗಳ ಹೊದಿಕೆಯು ದಿನೇ ದಿನೇ ಸವೆಯುವುದರಲ್ಲಿ ಆಶ್ಚರ್ಯವೇನು? ಲೈನಿನ ನುಣುಪಾದ ಅಲೆಯಲ್ಲಿ ಹತ್ತು ವರ್ಷ ಬಾಳಿದ ಮೋಟಾರು ಇಲ್ಲಿ ಬೇಗ ಸೋಲುವುದು ಅಸಂಭವವಲ್ಲ. ಬಾಯಿಗೊಂದು ಶೋಧಕವನ್ನು ಜೋಡಿಸಿ ಮಿಡಿತದ ಮುಖವನ್ನು ಮೊಂಡಾಗಿಸುವುದು ಒಂದು ಪರಿಹಾರ. ಅದಕ್ಕೆ ಪ್ರತ್ಯೇಕ ಖರ್ಚಿದೆ. ಇನ್ನೊಂದು ಪರಿಹಾರವೆಂದರೆ ನೆಗೆತವನ್ನೇ ಚಿಕ್ಕದು ಮಾಡುವುದು.

ಮೆಟ್ಟಿಲುಗಳ ಉಪಾಯ

ಮಾಳಿಗೆಯ ಮೇಲಿಂದ ಒಂದೇ ಸಲಕ್ಕೆ ಧುಮುಕಿದರೆ ಕಾಲು ಮುರಿಯುತ್ತದೆ. ಮೆಟ್ಟಿಲಿಳಿದು ಬಂದರೆ ಏನೂ ಆಗುವುದಿಲ್ಲ. 600 ವೋಲ್ಟನ್ನು 300ರ ಎರಡು ಮೆಟ್ಟಿಲುಗಳಾಗಿ ಒಡೆದರೆ ಮೋಟಾರಿನ ಬಾಯಲ್ಲಿ ಏಳುವ ಅಲೆಯು 600ರ ಮೇಲೆ ಒಂದು ಮೆಟ್ಟಿಲಷ್ಟು, ಎಂದರೆ 900 ವೋಲ್ಟಿಗೆ ನಿಲ್ಲುತ್ತದೆ. ಹದಿನಾರು ಮೆಟ್ಟಿಲುಗಳಾಗಿ ಒಡೆದರೆ ಒಂದು ಮೆಟ್ಟಿಲು 37.5 ವೋಲ್ಟು ಮಾತ್ರ. ಆಗ ಏಳುವ ಅಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಯೇ ಇಲ್ಲ. ಮೆಟ್ಟಿಲುಗಳು ಹೆಚ್ಚಿದಷ್ಟೂ ವೋಲ್ಟೇಜಿನ ಆಕಾರವು ಸೈನ್ ತರಂಗಕ್ಕೆ ಹತ್ತಿರವಾಗುತ್ತದೆ. ಮೂರು ಮಟ್ಟಗಳಿದ್ದರೆ ಬೇಡದ ಅಂಶ ಸುಮಾರು ಶೇಕಡಾ 30. ಏಳು ಮಟ್ಟಗಳಿದ್ದರೆ ಸುಮಾರು 12. ಇಪ್ಪತ್ತೇಳು ಮಟ್ಟಗಳಿದ್ದರೆ ಸುಮಾರು 3. ಇಂಥ ಯಂತ್ರಗಳಿಗೆ ಬಹುಮಟ್ಟದ ಇನ್ವರ್ಟರುಗಳೆಂದು ಹೆಸರು.

ಈ ವಿಚಾರ ಇಂದಿನದಲ್ಲ. 1975ರಲ್ಲಿ ಅಮೆರಿಕದ ಬೇಕರ್ ಮತ್ತು ಬ್ಯಾನಿಸ್ಟರ್ ಎಂಬುವರು ಚಿಕ್ಕ ಚಿಕ್ಕ ಇನ್ವರ್ಟರುಗಳನ್ನು ಸರಪಣಿಯಂತೆ ಜೋಡಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. 1981ರಲ್ಲಿ ಜಪಾನಿನ ನಬಾಯೆ, ತಕಹಾಶಿ ಮತ್ತು ಅಕಾಗಿ ಇವರು ಡಯೋಡುಗಳ ಸಹಾಯದಿಂದ ನಡುವಿನ ಮಟ್ಟಕ್ಕೆ ಆಧಾರ ಕೊಡುವ ಮೂರು ಮಟ್ಟದ ಇನ್ವರ್ಟರನ್ನು ವಿವರಿಸಿ ಪ್ರಬಂಧವನ್ನು ಪ್ರಕಟಿಸಿದರು. 1992ರಲ್ಲಿ ಫ್ರಾನ್ಸಿನ ಮೆನಾರ್ ಮತ್ತು ಫೋಶ್ ಇವರು ಡಯೋಡುಗಳಿಗೆ ಬದಲಾಗಿ ಧಾರಕಗಳನ್ನು ಬಳಸಿದರು. ಧಾರಕವೆಂದರೆ ಪಂಪಿನ ಸ್ಟಾರ್ಟರಿನಲ್ಲಿ ನಮ್ಮ ರೈತರು ಕಂಡೆನ್ಸರ್ ಎಂದು ಕರೆಯುವ ಡಬ್ಬಿಯ ಜಾತಿಯ ವಸ್ತು. ವಿದ್ಯುದಾವೇಶವನ್ನು ತುಂಬಿಟ್ಟುಕೊಂಡು ಬೇಕಾದಾಗ ಕೊಡುತ್ತದೆ.

ಹಾಗಾದರೆ ಎಲ್ಲ ಪಂಪುಗಳಿಗೂ ಹದಿನೇಳು ಮಟ್ಟದ ಇನ್ವರ್ಟರನ್ನೇ ಏಕೆ ಹಾಕಬಾರದು? ಬಿಡಿ ಭಾಗಗಳನ್ನು ಎಣಿಸಿ ನೋಡಿದರೆ ಉತ್ತರ ದೊರೆಯುತ್ತದೆ. ಡಯೋಡುಗಳ ವಿಧಾನದಲ್ಲಿ ಹದಿನೇಳು ಮಟ್ಟಗಳನ್ನು ಪಡೆಯಲು ಒಂದೊಂದು ಫೇಸಿಗೆ 32 ಸ್ವಿಚ್ಚುಗಳೂ, ಎಲ್ಲವೂ ಒಂದೇ ಶಕ್ತಿಯವಾದರೆ 240 ಡಯೋಡುಗಳೂ ಬೇಕು! ಪ್ರತಿಯೊಂದು ಸ್ವಿಚ್ಚಿಗೂ ಅದನ್ನು ನಡೆಸುವ ಚಿಕ್ಕ ಮಂಡಲ, ಕಾವನ್ನು ಹೊರಹಾಕುವ ಲೋಹದ ಫಲಕ, ಬೆಸುಗೆ, ತಂತಿ—ಇವೆಲ್ಲ ಬೇರೆ. ಬೆಲೆ ಏರುವುದರ ಜೊತೆಗೆ ಕೆಡುವ ಸಂಭವವೂ ಏರುತ್ತದೆ. ಒಂದು ಭಾಗವು ವರ್ಷದಲ್ಲಿ ಕೆಡುವ ಸಂಭವ ಸಾವಿರಕ್ಕೆ ಒಂದು ಎಂದು ಊಹಿಸಿಕೊಳ್ಳೋಣ. 12 ಭಾಗಗಳ ಯಂತ್ರವು ಕೆಡುವ ಸಂಭವ ನೂರಕ್ಕೆ ಒಂದರ ಸುತ್ತಮುತ್ತ. 52 ಭಾಗಗಳ ಯಂತ್ರವು ಕೆಡುವ ಸಂಭವ ನೂರಕ್ಕೆ ಐದು. ಮೋಟಾರನ್ನು ಉಳಿಸಲು ಹೋಗಿ ಪೆಟ್ಟಿಗೆಯನ್ನೇ ಕೆಡಿಸಿಕೊಂಡರೆ ದಾಳಿಂಬೆ ಗಿಡಕ್ಕೆ ಎರಡೂ ಒಂದೇ: ನೀರಿಲ್ಲ.

ಆದುದರಿಂದಲೇ ಮೆಟ್ಟಿಲುಗಳನ್ನು ಹೆಚ್ಚಿಸಿ ಭಾಗಗಳನ್ನು ಕಡಮೆ ಮಾಡುವುದು ಹೇಗೆ ಎಂಬ ಪ್ರಶ್ನೆಯು ಜಗತ್ತಿನ ಅನೇಕ ಪ್ರಯೋಗಶಾಲೆಗಳನ್ನು ಆಕರ್ಷಿಸಿದೆ.

ಮೂರು ಕಲ್ಲು, ಹದಿಮೂರು ತೂಕ

ಚಳ್ಳಕೆರೆಯು ಶೇಂಗಾ ವ್ಯಾಪಾರಕ್ಕೂ ಎಣ್ಣೆಯ ಗಿರಣಿಗಳಿಗೂ ಹೆಸರಾದ ಊರು. ಅಲ್ಲಿಯ ಒಬ್ಬ ವರ್ತಕನ ಬಳಿ ಹಳೆಯ ಕಾಲದ ತಕ್ಕಡಿಯಿದೆಯೆಂದು ಭಾವಿಸಿಕೊಳ್ಳಿರಿ. 1 ಕಿಲೋದಿಂದ 13 ಕಿಲೋದವರೆಗೆ ಯಾವ ಪೂರ್ಣ ತೂಕವನ್ನಾದರೂ ಅವನು ತೂಗಬೇಕು. ಒಂದೊಂದು ಕಿಲೋದ ಹದಿಮೂರು ಕಲ್ಲುಗಳನ್ನಿಟ್ಟುಕೊಂಡರೆ ಕೆಲಸ ನಡೆದೀತು. ಜಾಣನಾದವನಿಗೆ ಮೂರೇ ಕಲ್ಲುಗಳು ಸಾಕು: 1, 3 ಮತ್ತು 9 ಕಿಲೋ. ಗುಟ್ಟೇನೆಂದರೆ, ಕಲ್ಲುಗಳನ್ನು ಶೇಂಗಾ ಇರುವ ತಟ್ಟೆಯಲ್ಲಿಯೂ ಇಡಬಹುದು. 2 ಕಿಲೋ ಬೇಕಾದರೆ ಎದುರಿನ ತಟ್ಟೆಯಲ್ಲಿ 3, ಶೇಂಗಾದೊಡನೆ 1. 5 ಕಿಲೋ ಬೇಕಾದರೆ ಎದುರಿನಲ್ಲಿ 9, ಶೇಂಗಾದೊಡನೆ 3 ಮತ್ತು 1. 11 ಬೇಕಾದರೆ ಎದುರಿನಲ್ಲಿ 9 ಮತ್ತು 3, ಶೇಂಗಾದೊಡನೆ 1. ಉಳಿದ ತೂಕಗಳನ್ನು ವಾಚಕರೇ ಮಾಡಿ ನೋಡಬಹುದು. ಫ್ರಾನ್ಸಿನ ಬಾಶೆ ಎಂಬ ಪಂಡಿತನು 1612ರಲ್ಲಿ ಪ್ರಕಟಿಸಿದ ಗಣಿತವಿನೋದದ ಗ್ರಂಥದಿಂದ ಈ ಬಗೆಯ ಸಮಸ್ಯೆಯು ಪ್ರಸಿದ್ಧವಾಯಿತು.

ಈ ತಕ್ಕಡಿಗೂ ಇನ್ವರ್ಟರಿಗೂ ಏನು ಸಂಬಂಧ? ಒಂದು ಬ್ಯಾಟರಿಯ ಸುತ್ತ ನಾಲ್ಕು ಸ್ವಿಚ್ಚುಗಳನ್ನು ಎಚ್ ಅಕ್ಷರದ ಆಕಾರದಲ್ಲಿ ಜೋಡಿಸಿದರೆ ಅದಕ್ಕೆ ಎಚ್-ಸೇತುವೆ ಎನ್ನುತ್ತಾರೆ. ಸ್ವಿಚ್ಚುಗಳನ್ನು ಒಂದು ಬಗೆಯಲ್ಲಿ ಮುಚ್ಚಿದರೆ ಬ್ಯಾಟರಿಯ ವೋಲ್ಟೇಜು ಮುಂದಾಗಿ ಸೇರುತ್ತದೆ. ಇನ್ನೊಂದು ಬಗೆಯಲ್ಲಿ ಮುಚ್ಚಿದರೆ ಹಿಂದಾಗಿ ಸೇರಿ ಕಳೆಯಲ್ಪಡುತ್ತದೆ. ಮತ್ತೊಂದು ಬಗೆಯಲ್ಲಿ ಮುಚ್ಚಿದರೆ ಸೇರುವುದೇ ಇಲ್ಲ. ಎದುರಿನ ತಟ್ಟೆ, ಶೇಂಗಾದ ತಟ್ಟೆ, ನೆಲ—ಕಲ್ಲಿಗೆ ಇರುವ ಮೂರು ಸ್ಥಾನಗಳೇ ಇವು!

ಇಂಥ ಸೇತುವೆಗಳನ್ನು ಸಾಲಾಗಿ ಜೋಡಿಸೋಣ. ಎಲ್ಲವೂ ಸಮಾನವಾಗಿದ್ದರೆ +13ರಿಂದ −13ರವರೆಗೆ, ಸೊನ್ನೆಯೂ ಸೇರಿ 27 ಮಟ್ಟಗಳಿಗೆ 13 ಸೇತುವೆಗಳು, ಎಂದರೆ 52 ಸ್ವಿಚ್ಚುಗಳು ಬೇಕು. ವೋಲ್ಟೇಜುಗಳು 1, 3, 9ರ ಪ್ರಮಾಣದಲ್ಲಿದ್ದರೆ ಮೂರೇ ಸೇತುವೆಗಳು, 12 ಸ್ವಿಚ್ಚುಗಳು ಸಾಕು. 52 ಎಲ್ಲಿ, 12 ಎಲ್ಲಿ!

ಲೆಕ್ಕದಲ್ಲಿ ಅಡಗಿದ ಬೆಲೆ

ಇಷ್ಟು ಅಗ್ಗವಾಗಿ ದೊರೆತ ವಸ್ತುವನ್ನು ಸ್ವಲ್ಪ ತಿರುಗಿಸಿ ನೋಡುವುದು ಒಳ್ಳೆಯದು. ಮುಚ್ಚದಿರುವ ಸ್ವಿಚ್ಚು ತನ್ನ ಸೇತುವೆಯ ವೋಲ್ಟೇಜನ್ನು ತಡೆದು ನಿಲ್ಲಬೇಕು. ಸಮಾನ ಸೇತುವೆಗಳಲ್ಲಿ 52 ಸ್ವಿಚ್ಚುಗಳು ತಲಾ 1 ಅಂಶವನ್ನು ತಡೆಯುತ್ತವೆ; ಒಟ್ಟು 52. ಅಸಮಾನ ಸೇತುವೆಗಳಲ್ಲಿ ನಾಲ್ಕು ಸ್ವಿಚ್ಚುಗಳು 1 ಅಂಶವನ್ನೂ, ನಾಲ್ಕು 3 ಅಂಶಗಳನ್ನೂ, ನಾಲ್ಕು 9 ಅಂಶಗಳನ್ನೂ ತಡೆಯಬೇಕು. 4 + 12 + 36: ಒಟ್ಟು ಮತ್ತೆ 52! ಸ್ವಿಚ್ಚುಗಳ ಸಂಖ್ಯೆ ತಗ್ಗಿತೇ ಹೊರತು ಅವು ಹೊತ್ತ ಭಾರವು ತಗ್ಗಲಿಲ್ಲ. ಹದಿಮೂರು ಜನ ಹೊತ್ತ ಹೊರೆಯನ್ನು ಮೂವರು ಹಂಚಿಕೊಂಡರು. ಅವರಲ್ಲಿ ಒಬ್ಬನ ಪಾಲಿಗೆ ಒಂಬತ್ತು ಜನರ ಹೊರೆ ಬಂತು.

ಎರಡನೆಯ ತೊಡಕು ಇದಕ್ಕಿಂತಲೂ ಗಹನವಾದುದು. 5ರ ಮಟ್ಟಕ್ಕೆ 9ರಿಂದ 3ನ್ನೂ 1ನ್ನೂ ಕಳೆಯಬೇಕಷ್ಟೆ. ಆಗ ಪ್ರವಾಹವು 3 ಮತ್ತು 1ರ ಮೂಲಗಳ ಒಳಕ್ಕೆ ಹಿಮ್ಮುಖವಾಗಿ ನುಗ್ಗುತ್ತದೆ. ಬ್ಯಾಟರಿಯಾದರೆ ಅದನ್ನು ತುಂಬಿಕೊಂಡೀತು. ಸೌರ ಫಲಕವು ಶಕ್ತಿಯನ್ನು ಕೊಡಬಲ್ಲುದೇ ಹೊರತು ಸ್ವೀಕರಿಸಲಾರದು. ಅಲ್ಲದೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಪ್ರತ್ಯೇಕ ಮೂಲಗಳನ್ನು ಒದಗಿಸುವ ಖರ್ಚೂ ಸಣ್ಣದಲ್ಲ.

ಮೂಲಗಳಿಗೆ ಬದಲಾಗಿ ಧಾರಕಗಳನ್ನಿಟ್ಟರೆ ಹೇಗೆ? ಧಾರಕವು ತಾನಾಗಿ ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ. ಅದರ ವ್ಯವಹಾರವೆಲ್ಲ ಕೈಗಡದ್ದು. ಕೂಡುವಾಗ ಅದು ಖಾಲಿಯಾಗುತ್ತದೆ, ಕಳೆಯುವಾಗ ತುಂಬಿಕೊಳ್ಳುತ್ತದೆ. ಆದುದರಿಂದ ಒಂದೇ ಮಟ್ಟವನ್ನು ಎರಡು ಮೂರು ಬಗೆಯಲ್ಲಿ ಪಡೆಯುವಂತಿದ್ದರೆ ಮಾತ್ರ, ಒಮ್ಮೆ ತೆಗೆದುದನ್ನು ಮತ್ತೊಮ್ಮೆ ತೀರಿಸಲು ಸಾಧ್ಯ. 1, 3, 9ರ ಕಲ್ಲುಗಳಲ್ಲಿ ಪ್ರತಿಯೊಂದು ತೂಕಕ್ಕೂ ಒಂದೇ ಒಂದು ದಾರಿ. 5 ಎಂದರೆ 9 − 3 − 1; ಬೇರೆ ಮಾರ್ಗವೇ ಇಲ್ಲ. ಭಾಗಗಳನ್ನು ಅತ್ಯಂತ ಕಡಮೆ ಮಾಡಿದಾಗ ಆಯ್ಕೆಯ ಸ್ವಾತಂತ್ರ್ಯವೂ ಅದರೊಡನೆ ಹೋಯಿತು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಬೆಂಗಳೂರಿನ ಎರಡು ಉಪಾಯಗಳು

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಧ್ಯಾಪಕರಿಗೆ ತರಬೇತಿ ಕೊಡುವ ಕೇಂದ್ರವೂ ಅಲ್ಲಿದೆ. ಇದೇ ಸಂಸ್ಥೆಯ ಬೆಂಗಳೂರಿನ ಆವರಣದಲ್ಲಿ, ಎಲೆಕ್ಟ್ರಾನಿಕ್ ವ್ಯವಸ್ಥೆಗಳ ವಿಭಾಗದ ಪ್ರಾಧ್ಯಾಪಕ ಕೆ. ಗೋಪಕುಮಾರ್ ಅವರೂ ಅವರ ವಿದ್ಯಾರ್ಥಿಗಳೂ ಬಹುಮಟ್ಟದ ಇನ್ವರ್ಟರುಗಳ ಮೇಲೆ ಹಲವು ವರ್ಷಗಳ ಕಾಲ ಸಂಶೋಧನೆ ನಡೆಸಿದರು. ಅವರು ಬೆಳೆಸಿದ ಉಪಾಯಗಳಲ್ಲಿ ಎರಡನ್ನು ಇಲ್ಲಿ ನೋಡೋಣ.

ಮೊದಲನೆಯದು ಮೋಟಾರಿನ ಇನ್ನೊಂದು ತುದಿಯನ್ನು ಬಳಸಿಕೊಳ್ಳುವುದು. ಮೋಟಾರಿನಲ್ಲಿ ಮೂರು ಸುರುಳಿಗಳಿವೆ. ಸುರುಳಿಗೆ ಎರಡರಂತೆ ತುದಿಗಳು ಆರು. ಸಾಧಾರಣವಾಗಿ ಮೂರು ತುದಿಗಳನ್ನು ಒಟ್ಟಿಗೆ ಗಂಟುಹಾಕಿ ಉಳಿದ ಮೂರಕ್ಕೆ ವಿದ್ಯುತ್ತನ್ನು ಕೊಡುತ್ತಾರೆ. ಗಂಟನ್ನು ಬಿಚ್ಚಿ ಎರಡು ಕಡೆಗಳಲ್ಲಿಯೂ ಒಂದೊಂದು ಸಾಮಾನ್ಯ ಇನ್ವರ್ಟರನ್ನು ಅರ್ಧ ವೋಲ್ಟೇಜಿನಲ್ಲಿ ಜೋಡಿಸಿದರೆ, ಸುರುಳಿಯ ಎರಡು ತುದಿಗಳ ನಡುವಣ ವೋಲ್ಟೇಜಿಗೆ ಮೂರು ಮಟ್ಟಗಳು ದೊರೆಯುತ್ತವೆ. 1993ರಲ್ಲಿ ಸ್ಟೆಮ್ಲರ್ ಮತ್ತು ಗುಗೆನ್‌ಬಾಖ್ ಎಂಬುವರು ಈ ಜೋಡಣೆಯನ್ನು ವರ್ಣಿಸಿದ್ದರು. ಬೆಂಗಳೂರಿನ ತಂಡದವರು 2001ರಿಂದೀಚೆಗೆ ಇದನ್ನು ನಡೆಸುವ ಅನೇಕ ವಿಧಾನಗಳನ್ನು ರೂಪಿಸಿದರು. ಸ್ವಿಚ್ಚುಗಳು ಆರು ಮತ್ತು ಆರು, ಒಟ್ಟು 12. ಜಪಾನಿನವರ ಮೂರು ಮಟ್ಟದ ಇನ್ವರ್ಟರಿಗೂ ಅಷ್ಟೇ ಸ್ವಿಚ್ಚುಗಳು ಬೇಕು. ಆದರೆ ಅಲ್ಲಿ ಬೇಕಾದ ಆರು ಆಧಾರ ಡಯೋಡುಗಳು ಇಲ್ಲಿ ಬೇಡ. ಒಂದೊಂದು ಇನ್ವರ್ಟರಿನ ನೆಗೆತವೂ ಅರ್ಧವಾದುದರಿಂದ ಕೇಬಲ್ಲಿನ ತುದಿಯಲ್ಲಿ ಏಳುವ ಅಲೆಯೂ ಅರ್ಧವಾಗುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರನ್ನು ಬಳಸುವ ದೊಡ್ಡ ಪಂಪುಗಳನ್ನು ಕಂಡವರಿಗೆ ಒಂದು ಸಂಗತಿ ಹೊಳೆದೀತು: ಆ ಮೋಟಾರುಗಳಿಂದ ಆರು ತಂತಿಗಳು ಮೊದಲೇ ಮೇಲಕ್ಕೆ ಬಂದಿರುತ್ತವೆ!

ಎರಡನೆಯ ಉಪಾಯವು ಕೈಗಡದ ಧಾರಕಗಳದ್ದು. 2015ರಲ್ಲಿ ಈ ತಂಡದವರು ಸ್ಪೇನಿನ ಸಂಶೋಧಕರೊಡಗೂಡಿ ಹದಿನೇಳು ಮಟ್ಟದ ಒಂದು ಇನ್ವರ್ಟರನ್ನು ಪ್ರಕಟಿಸಿದರು. ಅದಕ್ಕೆ ಮೂಲ ಒಂದೇ. ಅದರ ವೋಲ್ಟೇಜನ್ನು 16 ಅಂಶಗಳೆಂದು ಇಟ್ಟುಕೊಂಡರೆ, ಫೇಸಿಗೆ ನಾಲ್ಕು ಧಾರಕಗಳು 8, 4, 2 ಮತ್ತು 1 ಅಂಶಗಳಷ್ಟು ತುಂಬಿರುತ್ತವೆ. 8ರ ಧಾರಕವು ಫ್ರಾನ್ಸಿನವರ ವಿಧಾನದಂತೆ ನಾಲ್ಕು ಸ್ವಿಚ್ಚುಗಳ ನಡುವೆ ಇರುತ್ತದೆ. ಉಳಿದ ಮೂರು ಒಂದೊಂದು ಎಚ್-ಸೇತುವೆಯಲ್ಲಿ ಇರುತ್ತವೆ. ಒಟ್ಟು ಫೇಸಿಗೆ 16 ಸ್ವಿಚ್ಚುಗಳು. ಹಿಂದೆ ಹೇಳಿದ 32 ಸ್ವಿಚ್ಚು, 240 ಡಯೋಡುಗಳೊಡನೆ ಇದನ್ನು ಹೋಲಿಸಿ ನೋಡಿರಿ.

ಇಲ್ಲಿಯ ಕಲ್ಲುಗಳು ಮೂರರಷ್ಟಲ್ಲ, ಎರಡರಷ್ಟು ಮಾತ್ರ ಬೆಳೆಯುತ್ತವೆ. ಮೇಲುನೋಟಕ್ಕೆ ಇದು ನಷ್ಟವೆಂದು ತೋರಬಹುದು. ಆದರೆ 1ರ ಮಟ್ಟವನ್ನು ಪಡೆಯುವ ದಾರಿಗಳನ್ನು ಎಣಿಸಿರಿ. 1ನ್ನೇ ಕೊಡಬಹುದು, 2 − 1 ಕೊಡಬಹುದು, 4 − 2 − 1 ಕೊಡಬಹುದು, 8 − 4 − 2 − 1 ಸಹ ಕೊಡಬಹುದು. ಪ್ರವಾಹವು ಮೋಟಾರಿನ ಕಡೆಗೆ ಹರಿಯುತ್ತಿದೆಯೆನ್ನೋಣ. ಮೊದಲನೆಯ ದಾರಿಯಲ್ಲಿ 1ರ ಧಾರಕ ಖಾಲಿಯಾಗುತ್ತದೆ. ಎರಡನೆಯದರಲ್ಲಿ ಅದು ತುಂಬುತ್ತದೆ, ಆದರೆ 2ರ ಧಾರಕ ಖಾಲಿಯಾಗುತ್ತದೆ. ಮೂರನೆಯದರಲ್ಲಿ 2 ಮತ್ತು 1 ತುಂಬಿ 4 ಖಾಲಿಯಾಗುತ್ತದೆ. ಚಿಕ್ಕವನ ಸಾಲವನ್ನು ದೊಡ್ಡವನು ತೀರಿಸುತ್ತಾನೆ; ಅವನ ಸಾಲವನ್ನು ಅವನಿಗಿಂತ ದೊಡ್ಡವನು. ಕೊನೆಗೆ 8ರ ಮಟ್ಟವನ್ನೂ ಎರಡು ಬಗೆಯಲ್ಲಿ ಪಡೆಯಬಹುದು: 8ರ ಧಾರಕದಿಂದಲೇ, ಇಲ್ಲವೇ ಮೂಲದ 16ರಿಂದ 8ನ್ನು ಕಳೆದು. ಎರಡನೆಯ ಬಗೆಯಲ್ಲಿ 8ರ ಧಾರಕವು ಮೂಲದಿಂದ ತುಂಬಿಕೊಳ್ಳುತ್ತದೆ. ಹೀಗೆ ಎಲ್ಲ ಸಾಲವೂ ಸೌರ ಫಲಕದ ಲೆಕ್ಕಕ್ಕೆ ಸೇರುತ್ತದೆ. ಒಳಗಿರುವ ಚಿಕ್ಕ ಗಣಕವು ಧಾರಕಗಳ ವೋಲ್ಟೇಜನ್ನೂ ಪ್ರವಾಹದ ದಿಕ್ಕನ್ನೂ ಕ್ಷಣಕ್ಷಣವೂ ಅಳೆದು, ಈಗ ಯಾರದು ತೀರಬೇಕೋ ಅವನಿಗೆ ಅನುಕೂಲವಾದ ದಾರಿಯನ್ನು ಆರಿಸುತ್ತದೆ.

ಇನ್ನೊಂದು ಲಾಭವೂ ಇದರಿಂದ ಒದಗಿದೆ. 1ರ ಸೇತುವೆ ಕೆಟ್ಟುಹೋದರೆ ಅದನ್ನು ಬದಿಗೊತ್ತಿ ಉಳಿದವುಗಳಿಂದ ಎರಡೆರಡು ಅಂಶಗಳ ಮೆಟ್ಟಿಲಿನ ಒಂಬತ್ತು ಮಟ್ಟಗಳನ್ನು ಪಡೆಯಬಹುದು. ಅಲೆಯು ತುಸು ಒರಟಾದೀತು, ಆದರೆ ಮೋಟಾರು ನಿಲ್ಲುವುದಿಲ್ಲ.

ಇದಕ್ಕೂ ಬೆಲೆಯಿದೆ. ತಡೆಯಬೇಕಾದ ವೋಲ್ಟೇಜುಗಳನ್ನು ಕೂಡಿಸಿದರೆ ನಾಲ್ಕು ಸ್ವಿಚ್ಚುಗಳಿಗೆ ತಲಾ 8, ನಾಲ್ಕಕ್ಕೆ ತಲಾ 4, ನಾಲ್ಕಕ್ಕೆ ತಲಾ 2, ನಾಲ್ಕಕ್ಕೆ ತಲಾ 1. ಒಟ್ಟು 60 ಅಂಶಗಳು. ಸಮಾನ ಸೇತುವೆಗಳಿಂದ ಹದಿನೇಳು ಮಟ್ಟಗಳನ್ನು ಪಡೆದಿದ್ದರೆ 32 ಅಂಶಗಳು ಸಾಕಾಗುತ್ತಿದ್ದುವು. ಆದರೆ ಆಗ ಫೇಸಿಗೆ ಎಂಟು ಪ್ರತ್ಯೇಕ ಮೂಲಗಳು ಬೇಕಾಗುತ್ತಿದ್ದುವು.

ಯಾವುದನ್ನು ಎಣಿಸಬೇಕು?

ಭಾಗಗಳನ್ನು ಕಡಮೆ ಮಾಡುವುದೇ ಎಲ್ಲೆಡೆಯಲ್ಲಿಯೂ ಶ್ರೇಷ್ಠವೆಂದು ವಾಚಕರು ತಿಳಿಯಬಾರದು. ಜರ್ಮನಿಯ ಮಾರ್ಕ್ವಾರ್ಟ್ ಅವರು ಈ ಶತಮಾನದ ಆದಿಯಲ್ಲಿ ರೂಪಿಸಿದ ಇನ್ವರ್ಟರಿನಲ್ಲಿ ಒಂದೇ ಬಗೆಯ ನೂರಾರು ಕೋಶಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಸಮುದ್ರದಡಿಯ ಕೇಬಲ್ಲಿನ ಮೂಲಕ 400 ಮೆಗಾವಾಟ್ ವಿದ್ಯುತ್ತನ್ನು ತರುವ ಯೋಜನೆಯಲ್ಲಿ ಇದು ಮೊದಲು ಬಳಕೆಗೆ ಬಂತು. ಅದರ ಒಂದೊಂದು ತೋಳಿನಲ್ಲಿ 200ಕ್ಕೂ ಮೀರಿ ಕೋಶಗಳಿವೆ. ನಮ್ಮ ನೆರೆಯ ತಮಿಳುನಾಡಿನ ಪುಗಳೂರಿನಿಂದ ಕೇರಳದ ತ್ರಿಶೂರಿಗೆ 2000 ಮೆಗಾವಾಟ್ ಸಾಗಿಸುವ, 2021ರಲ್ಲಿ ಆರಂಭವಾದ ಮಾರ್ಗದಲ್ಲಿಯೂ ಇದೇ ಬಗೆಯವು ಇವೆ. ಅಲ್ಲಿ ಕೆಲವು ಕೋಶಗಳನ್ನು ಬೇಕೆಂದೇ ಹೆಚ್ಚಾಗಿ ಇಟ್ಟಿರುತ್ತಾರೆ. ಒಂದು ಕೆಟ್ಟರೆ ಉಳಿದವು ಸಂಭಾಳಿಸುತ್ತವೆ. ಲಕ್ಷಾಂತರ ವೋಲ್ಟುಗಳನ್ನು ತಡೆಯಬಲ್ಲ ಒಂದೇ ಸ್ವಿಚ್ಚು ಲೋಕದಲ್ಲಿ ಇಲ್ಲದಿರುವಾಗ ಜನಬಲವೇ ಬಲ.

ಇತ್ತ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ ಹರಡಿರುವ 2050 ಮೆಗಾವಾಟಿನ ಸೌರ ಉದ್ಯಾನದಂಥ ಕಡೆಗಳಲ್ಲಿ ಇನ್ವರ್ಟರು ಕೆಟ್ಟರೆ ನೋಡಿಕೊಳ್ಳಲು ಎಂಜಿನಿಯರುಗಳಿದ್ದಾರೆ. ಬದಲಿ ಭಾಗಗಳನ್ನು ಉಗ್ರಾಣದಲ್ಲಿ ಇಟ್ಟುಕೊಳ್ಳಬಹುದು. ದೊಡ್ಡ ಸೌರ ಇನ್ವರ್ಟರುಗಳಲ್ಲಿ ಮೂರು ಮಟ್ಟದವು ಈಗ ಸಾಮಾನ್ಯವಾಗಿವೆ. ಕೊಂಡ್ಲಹಳ್ಳಿಯ ತೋಟದಲ್ಲಿ ಉಗ್ರಾಣವಿಲ್ಲ, ಎಂಜಿನಿಯರಿಲ್ಲ. ಅಲ್ಲಿ ಬೇಕಾದುದು ಭಾಗಗಳು ಕಡಮೆಯಿದ್ದು, ನೆಗೆತ ಚಿಕ್ಕದಾಗಿದ್ದು, ಒಂದು ಕೆಟ್ಟರೂ ಕುಂಟುತ್ತಲಾದರೂ ನಡೆಯುವ ಯಂತ್ರ. ಕೇಂದ್ರ ಸರ್ಕಾರವು 2019ರಲ್ಲಿ ರೈತರ ಸೌರ ಪಂಪುಗಳಿಗಾಗಿ ಕುಸುಮ್ ಯೋಜನೆಯನ್ನು ಆರಂಭಿಸಿದ ಮೇಲೆ ಇಂಥ ಪೆಟ್ಟಿಗೆಗಳು ಊರೂರಿಗೂ ಬರುತ್ತಿವೆ. ಆಳವಾದ ಕೊಳವೆ ಬಾವಿಯ ಉದ್ದನೆಯ ಕೇಬಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ಅವುಗಳನ್ನು ರೂಪಿಸುವವರು ನಮ್ಮ ವಿದ್ಯಾರ್ಥಿಗಳಲ್ಲದೆ ಮತ್ತಾರು?

ಅಂಥವರಿಗಾಗಿ ಒಂದು ಚಿಕ್ಕ ಅಭ್ಯಾಸ. ಮೂಲ 16, ಧಾರಕಗಳು 8, 4, 2, 1. 3ರ ಮಟ್ಟವನ್ನು ಎಷ್ಟು ಬಗೆಯಲ್ಲಿ ಪಡೆಯಬಹುದು? 8 ಬೇಕಾದಾಗಲೆಲ್ಲ ಅದಕ್ಕೆ ಎರಡು ದಾರಿಗಳಿವೆಯೆಂಬುದನ್ನು ಮರೆಯಬಾರದು. ಪ್ರತಿಯೊಂದು ಬಗೆಯಲ್ಲಿಯೂ ಯಾವ ಧಾರಕ ತುಂಬುತ್ತದೆ, ಯಾವುದು ಖಾಲಿಯಾಗುತ್ತದೆ ಎಂದು ಪಟ್ಟಿಮಾಡಿರಿ. ಏಳು ಬಗೆಗಳು ದೊರೆತರೆ ಲೆಕ್ಕ ಸರಿ.

ಸಂಜೆ ಮಾವನವರಿಗೆ ಕೆರೆಯ ಅಲೆಯ ದೃಷ್ಟಾಂತವನ್ನು ಹೇಳಿದೆವು. ಹೊಸ ಸುರುಳಿ ಸುತ್ತಿಸಿ ಮೋಟಾರನ್ನು ಇಳಿಸುವ ಮುನ್ನ ಪೆಟ್ಟಿಗೆಯ ಬಾಯಿಗೆ ಒಂದು ಶೋಧಕವನ್ನು ಹಾಕಿಸುವುದು ಮೇಲೆಂದು ಸೂಚಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಮುಂದಿನ ಪೆಟ್ಟಿಗೆ ತಗಳ್ಳೋವಾಗ ಕೇಬಲ್ಲು ಎಷ್ಟು ಉದ್ದ ಐತೆ ಅಂತ ಮೊದ್ಲು ಹೇಳಬೇಕು, ಅಲ್ವಾ?” ಎಂದರು. ಇನ್ವರ್ಟರನ್ನು ರೂಪಿಸುವವರೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ.